ಲಾರಿಯ ನೆರಳಲ್ಲಿ ಎತ್ತಿದ ಕೈ

ತೇನ್‌ಮೊಳಿಯ ಹೆಸರನ್ನು ನಾನು ಮೊದಲು ಕೇಳಿದ್ದು ತಮಿಳುನಾಡಿನ ಕಂಬಂ ಪೇಟೆಯಲ್ಲಿ, ಹೂವಿನ ಮುತ್ತುಲಕ್ಷ್ಮಿಯ ಬಾಯಲ್ಲಿ. ಅದೂ ಬೈಗುಳದ ಜೊತೆಗೆ.

ನಮ್ಮ ಮನೆಯವರು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ತಿಥಿಗೆ ಹಾರ ಹೇಳಿಬರೋಣವೆಂದು ಹೋಗಿದ್ದೆ.

"ಪಟ ಎಷ್ಟುದ್ದ ಅಯ್ತೆ ಅಕ್ಕಾ?" ಎಂದಳು.

"ಪಟಾನೇ ಇಲ್ಲ ಕಣೇ" ಎಂದೆ.

ಇಲ್ಲವೆಂದರೆ ಪೂರಾ ಇಲ್ಲವೆಂದಲ್ಲ. ಮಗ ಕಾರ್ತಿಕೇಯನ್ ಆಧಾರ್ ಕಾರ್ಡಿನ ಮುಖವನ್ನು ದೊಡ್ಡದು ಮಾಡಿಸಿ ತಂದಿದ್ದ. ಅಂಗಡಿಯವರು ಅವರಿಗೆ ಕೋಟು ತೊಡಿಸಿ, ಹಿಂದೆ ನೀಲಿ ಬಳಿದು, ಗಲ್ಲದ ಮೇಲಿನ ಕುಡುಗೋಲಿನ ಗಾಯವನ್ನು ಒರೆಸಿಹಾಕಿ, ಮುಖಕ್ಕೆಲ್ಲ ಮೈದಾ ಹಿಟ್ಟು ಸವರಿದ ಹಾಗೆ ಮಾಡಿದ್ದರು. ದ್ರಾಕ್ಷಿ ಚಪ್ಪರದ ಕೆಳಗೆ ಬೆನ್ನು ಬಗ್ಗಿಸಿ ದುಡಿದ ಮನುಷ್ಯ ಬ್ಯಾಂಕಿನ ಅಧಿಕಾರಿಯಾಗಿಬಿಟ್ಟಿದ್ದರು. "ಇವನ್ಯಾರೋ ಗೊತ್ತಿಲ್ಲ, ಇವನ ಮುಂದೆ ನಾನು ದೀಪ ಹಚ್ಚಕ್ಕಿಲ್ಲ" ಎಂದು ಆ ಪಟವನ್ನು ಗೋಡೆಯ ಕಡೆಗೆ ಮುಖಮಾಡಿ ಇಟ್ಟುಬಿಟ್ಟೆ. ಅಂದಿನಿಂದ ಬರಿಯ ಗೋಡೆಗೇ ದೀಪ.

ಮುತ್ತುಲಕ್ಷ್ಮಿ ಎಲ್ಲ ಕೇಳಿ, ತನ್ನ ಸಿಟ್ಟನ್ನೂ ಬಿಚ್ಚಿದಳು. "ತೇವಾರಂನೋಳು ಒಬ್ಳವ್ಳೆ, ತೇನ್‌ಮೊಳಿ ಅಂತ. ನಮ್ಮ ಜನಾನೇ, ಕನ್ನಡದೋರು. ವಯಸ್ಸು ಮೂವತ್ತಾದ್ರೂ ಮದ್ವೆ ಇಲ್ಲ, ಕ್ಯಾಮರಾ ಕತ್ತಿಗೆ ಕಟ್ಕಂಡು ಬೀದಿಬೀದಿ ಸುತ್ತತಾಳೆ. ನಾನು ಕನಕಾಂಬರ, ಮರುಗ, ರೋಜಾ ಅಂತ ರಾಶಿ ಹಾಕ್ಕಂಡು ಕುಂತಿದ್ರೆ, ಪಟ ತೆಗ್ದು ಬಣ್ಣಾನೆಲ್ಲಾ ಕಿತ್ತಾಕ್ಬಿಟ್ಳು! ನನ್ ಹೂವೆಲ್ಲಾ ಬೂದಿ! ನೋಡಕ್ಕಾ, ನೀನೇ ಹೇಳು!"

ಫೋನಿನಲ್ಲಿ ತೋರಿಸಿದಳು. ಹೂವು ಬೂದಿಯಾಗಿದ್ದು ನಿಜ. ಆದರೆ ಮುತ್ತುಲಕ್ಷ್ಮಿಯ ಕೈ ಕಂಡಿತು. ನೂಲು ಸುತ್ತಿ ಸುತ್ತಿ ಗೆರೆ ಬಿದ್ದ ಬೆರಳು, ಒದ್ದೆ ಬಾಳೆನಾರಿನ ಹಾಗೆ ಮಿರುಗುವ ನರ. ನನ್ನ ಮದುವೆಯ ಮಾರನೆಯ ದಿನದಿಂದ ಆ ಕೈಯಿಂದಲೇ ಹೂ ಕೊಂಡವಳು ನಾನು. ಆ ಕೈಯನ್ನು ನೋಡಿಯೇ ಇರಲಿಲ್ಲ. ಬಣ್ಣವೇ ಅಡ್ಡ ನಿಂತಿತ್ತೇನೋ ಎನಿಸಿತು.

"ಅವಳ ಹತ್ರ ಇನ್ನೊಂದು ಪಟ, ಒಡ್ಡನ್‌ಛತ್ರಂ ಮಾರ್ಕೆಟ್ಟಿಂದು ಇತ್ತು," ಎಂದಳು ಹಾರ ಕಟ್ಟುತ್ತ. "ಅದರಾಗೆ ಒಬ್ರು ನಿಮ್ಮೋರ್ ತರಾನೇ ಇದ್ರು."

ತೇನ್‌ಮೊಳಿ ಎಲ್ಲಿ ಸಿಗುತ್ತಾಳೆಂದು ಕೇಳಿಕೊಂಡು, ಮಾರನೆಯ ದಿನವೇ ಮಗನನ್ನು ಎಬ್ಬಿಸಿಕೊಂಡು ಥೇಣಿ ಬಸ್ಸು ಹತ್ತಿದೆ.

ಅವಳು ಅಲ್ಲಿ ಮದುವೆ ಆಲ್ಬಂ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಪ್ಪಗೆ, ಸಣ್ಣಗೆ, ಎಣ್ಣೆ ಹಾಕಿ ಬಿಗಿದು ಕಟ್ಟಿದ ಜಡೆ. ಮದುಮಗಳನ್ನು ಬೆಳ್ಳಗೆ ಮಾಡುವುದು, ಮದುಮಗನ ಹೊಟ್ಟೆಯನ್ನು ಒಳಕ್ಕೆ ತಳ್ಳುವುದು, ಪೆರಿಯಕುಳಂ ಮಾವಿನ ತೋಪಿನಲ್ಲಿ ನಿಂತವರ ಹಿಂದೆ ಹಿಮದ ಬೆಟ್ಟ ನಿಲ್ಲಿಸುವುದು ಅವಳ ದಿನದ ಕೆಲಸ. ಊಟದ ಹೊತ್ತಿನಲ್ಲಿ ಯಜಮಾನರ ಕಂಪ್ಯೂಟರಿನಲ್ಲೇ ತನ್ನ ಬೀದಿ ಪಟಗಳನ್ನು ತೆರೆದು ಕೂರುತ್ತಿದ್ದಳು. ಅಪ್ಪ ತೇವಾರಂನಲ್ಲಿ ತೆಂಗಿನ ತೋಟದವರು. ಅವಳ ಮದುವೆಗೆಂದು ಅವರು ಎತ್ತಿಟ್ಟ ಸರವನ್ನೇ ಜಗಳವಾಡಿ ಈಸಿಕೊಂಡು, ಮಾರಿ, ಕ್ಯಾಮರಾ ಕೊಂಡವಳಂತೆ. "ಸರ ಕತ್ತಲ್ಲೇ ಅಯ್ತಲ್ಲ ಅಪ್ಪಾ" ಎಂದು ಕ್ಯಾಮರಾ ತೋರಿಸುತ್ತಾಳಂತೆ ಈಗಲೂ. ಹೇಳಿ ಅವಳೇ ನಕ್ಕಳು.

ಆಮೇಲೆ ಆ ಪಟ ತೆರೆದಳು.

ಅವರೇ. ತರಕಾರಿ ಲಾರಿಯ ಪಕ್ಕ, ಅದರ ನೆರಳಿನಲ್ಲಿ, ತಲೆಗೆ ಟವಲು ಸುತ್ತಿ ನಿಂತಿದ್ದಾರೆ. ಸುತ್ತ ಮೂಟೆ, ಒಂದು ನಾಯಿ, ಅಂಚಿನಲ್ಲಿ ಯಾರದೋ ಅರ್ಧ ಬೆನ್ನು. ಒಂದು ಕೈ ಮಾತ್ರ ನೆರಳಿನಿಂದಾಚೆಗೆ, ಬಿಸಿಲಿಗೆ ಎತ್ತಿದೆ. ಮುಖ ಕತ್ತಲು.

ನನಗೆ ಆ ದಿನ ಪೂರಾ ನೆನಪಿತ್ತು. ಮಾರ್ಕೆಟ್ಟಿನ ಮಂಡಿಗೆ ನುಗ್ಗೆಕಾಯಿ ಹಾಕಿ ಮುಗಿಸಿದ್ದೆವು. ನಾನು ರಸ್ತೆಯ ಈಚೆ ಟೀ ಅಂಗಡಿಯ ಮುಂದೆ ನಿಂತಿದ್ದೆ. ಲಾರಿ ಹೊರಡುತ್ತದೆ, ಬಾ ಎಂದು ಅವರು ಕೈ ಎತ್ತಿ ಕರೆದಿದ್ದರು.

"ನಾನೂ ಆ ಟೀ ಅಂಗಡಿ ಹತ್ರಾನೇ ನಿಂತಿದ್ದೆ ಅವ್ವಾ," ಎಂದಳು ತೇನ್‌ಮೊಳಿ ಮೆಲ್ಲಗೆ. "ಯಾರನ್ನೋ ಕರೀತಾವ್ರೆ ಅಂತ ಗೊತ್ತಿತ್ತು. ಯಾರನ್ನ ಅಂತ ಇವತ್ತು ತಿಳೀತು."

ಮಗ ಬಾಗಿ ನೋಡಿ ಶುರುಮಾಡಿದ. "ಆ ನಾಯಿ ತೆಗೀಮ್ಮ. ಮೂಟೆ ತೆಗಿ. ಅಪ್ಪ ಒಬ್ರೇ ಇರ್ಲಿ, ಮುಖ ಪಳಪಳ ಅನ್ಲಿ."

"ನಿಮ್ ಮಗಳ ಮದ್ವೆ ಆಲ್ಬಂಗೆ ಬನ್ನಿ ಅಣ್ಣಾ, ಅದೆಲ್ಲಾ ಮಾಡಿಕೊಡ್ತೀನಿ. ಹಿಂದ್ಗಡೆ ಹಿಮಾನೂ ಸುರೀತೀನಿ."

ಅವನು ಹಿಂದಕ್ಕೆ ಸರಿದ. ಆದರೆ ನಾನು ಬಿಡಲಿಲ್ಲ. "ನಾಯಿ ಇದ್ರೆ ಇರ್ಲಿ ತಾಯಿ. ನನಗೆ ಅವರ ಕಣ್ಣು ಬೇಕು. ವರ್ಷದಿಂದ ನಾನು ಆ ಕಣ್ಣು ನೋಡಿಲ್ಲ. ಕಣ್ಣಿಲ್ಲದ ಪಟಕ್ಕೆ ದೀಪ ಹೆಂಗೆ ಹಚ್ಚಲಿ?"

ಅವಳು ಮೌಸಿನ ಮೇಲಿನ ಬೆರಳನ್ನು ಒಂದಿಷ್ಟು ಸರಿಸಿದಳು. ಕತ್ತಲು ತಿಳಿಯಾಗುತ್ತ ಬಂದು, ಟವಲಿನ ಕೆಳಗೆ ಎರಡು ಕಣ್ಣು ಎದ್ದವು. ಆದರೆ ಮುಖವೆಲ್ಲ ಒಲೆಯ ಒದ್ದೆ ಬೂದಿ. ಅದರಲ್ಲಿ ಹೂತ ಎರಡು ಕಲ್ಲಿನ ಹಾಗೆ ಕಣ್ಣು. ನೆರಳೇ ಸುಳ್ಳಾಗಿ, ಲಾರಿಯೂ ಸುಳ್ಳಾಯಿತು.

"ಅವ್ವಾ, ನೀವೇ ಎದುರಿಗಿದ್ದೋರು. ನನಗಿಂತ ನಿಮಗೇ ಗೊತ್ತು. ಆವತ್ತು ನಿಂತ ಜಾಗದಿಂದ ಅವರ ಕಣ್ಣು ಕಾಣ್ತಿತ್ತಾ?"

ಹೂಂ ಅಂದಿದ್ದರೆ ಹಾಗೆಯೇ ಮಾಡಿಕೊಡುತ್ತಿದ್ದಳು. ಹೂಂ ಅನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು.

"ಇಲ್ಲ," ಎಂದೆ. "ಬಿಸಿಲು ನನ್ನ ಮುಖಕ್ಕೇ ಹೊಡೀತಿತ್ತು. ಕೈ ನೋಡಿ ಇವರೇ ಅಂದ್ಕಂಡೆ."

ಅವಳು ಕತ್ತಲನ್ನು ಮೆಲ್ಲಗೆ ತಿರುಗಿ ಇಳಿಸಿದಳು, ಮಲಗಿದ ಮಗುವಿಗೆ ಹೊದಿಕೆ ಎಳೆಯುವ ಹಾಗೆ.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಈಗಲೂ ಬೆರಗು. ಲಾರಿಯ ಟಾರ್ಪಾಲಿನ ಬಿಳುಪು ಕಣ್ಣಿಗೆ ರಾಚುತ್ತಿತ್ತು, ಅದನ್ನು ಒಂಚೂರು ತಗ್ಗಿಸಿದಳು. ಗಲ್ಲದ ಅಂಚಿಗೆ ಒಂಚೂರು ಬೆಳಕು ಕೊಟ್ಟಳು. ಎದ್ದು ಹೋಗಿ ನೀರು ಕುಡಿದಳು. ಬಾಗಿಲಲ್ಲಿ ನಿಂತು ಬೀದಿಯ ಬಿಸಿಲು ನೋಡಿದಳು. ಬಂದು ಕೂತು, ಕೊಟ್ಟ ಬೆಳಕಿನಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಳು!

"ಮಾಡಿದ್ದನ್ನೇ ಅಳಿಸ್ತೀಯಲ್ಲೇ?" ಎಂದೆ.

"ಮೊದಲ್ನೇ ಸಲ ಆಸೆ ಮಾಡತ್ತೆ ಅವ್ವಾ. ನೀರು ಕುಡ್ದು ಬಂದ್ರೆ ಕಣ್ಣು ಮಾಡತ್ತೆ." ಸ್ವಲ್ಪ ಹೊತ್ತು ನೋಡಿ, ತನಗೆ ತಾನೇ "ಪೋದುಂ" ಎಂದಳು. ಸಾಕು ಎನ್ನುವುದನ್ನು ಅಷ್ಟು ಮೆಲ್ಲಗೆ ಹೇಳಿದವರನ್ನು ನಾನು ಕಂಡಿಲ್ಲ.

ನೋಡಿದೆ. ನಾಯಿ ಅಲ್ಲೇ ಇತ್ತು, ಮೂಟೆ ಅಲ್ಲೇ ಇತ್ತು. ಗಲ್ಲದಲ್ಲಿ ಕುಡುಗೋಲಿನ ಗಾಯ ಒಂದು ಎಳೆ ನೂಲಿನಷ್ಟು ಕಂಡಿತು. ಮುಖ ಕತ್ತಲೆಯೇ. ಆದರೆ ಈಗ ಅದು ಬರಿಯ ಕತ್ತಲಲ್ಲ, ಒಳಗೆ ಒಬ್ಬರು ನಿಂತಿದ್ದರು. ಬಿಸಿಲಿಗೆ ಬಂದ ಆ ಕೈ, ಬಾರೇ ಎಂದು ಕರೆಯುವ ಆ ಅಂಗೈ, ನನ್ನ ಮೇಲೆಯೇ ಇತ್ತು. ಟೀ ಲೋಟದ ಬಿಸಿ ಬೆರಳಿಗೆ ತಾಗಿದಂತಾಯಿತು. "ಬಂದೆ ಇರಿ" ಎಂದುಬಿಟ್ಟೆ, ಅಂಗಡಿಯೆಲ್ಲ ಕೇಳುವ ಹಾಗೆ. ಮಗ ಅತ್ತ ತಿರುಗಿಕೊಂಡು ಕಣ್ಣೊರೆಸಿಕೊಂಡ.

ತಿಥಿಯ ದಿನ ಪಟಕ್ಕೆ ಕಟ್ಟು ಹಾಕಿಸಿ ತೇನ್‌ಮೊಳಿಯೇ ತಂದಳು. ದಿಂಡಿಗಲ್ಲಿನಲ್ಲಿ ಸ್ವಂತ ಅಂಗಡಿ ಇಡುವವಳಿದ್ದಳು, ಅಂದು ಸಂಜೆಯೇ ಅಲ್ಲಿಗೆ ಹೊರಡುವವಳು. ಆ ದಿನ ಕಳೆದ ಮೇಲೆ ನಾನು ಅವಳನ್ನು ನೋಡಿಲ್ಲ. ಬರಿ ಗೋಡೆಗೆ ಅವರು ಬಂದರು. ನೆಂಟರಲ್ಲಿ ಕೆಲವರು "ಮುಖಾನೇ ಕಾಣಲ್ವಲ್ಲ" ಎಂದರು. ನಾನು ದೀಪ ಹಚ್ಚಿದೆ, ಹಾರ ಹಾಕಿದೆ. ಸತ್ತವರ ಪಟಕ್ಕೆ ಗಾಜಿನ ಮೇಲೆ, ಹಣೆಯ ಜಾಗದಲ್ಲಿ ಗಂಧ ಕುಂಕುಮ ಇಡುವುದು ನಮ್ಮ ವಾಡಿಕೆ. ಬೆರಳಿಗೆ ಕುಂಕುಮ ತೆಗೆದುಕೊಂಡು ಕೈ ಎತ್ತಿದೆ.

ತೇನ್‌ಮೊಳಿ ಬೇಡ ಅನ್ನಲಿಲ್ಲ. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದವಳು ತಿರುಗಿ, ಅಂದು ಟೀ ಅಂಗಡಿಯ ಮುಂದೆ ನಿಂತಿದ್ದ ನನ್ನನ್ನೇ ಕೇಳುವ ಹಾಗೆ ಕೇಳಿದಳು:

"ಅವ್ವಾ, ಆವತ್ತು ಅವರ ಹಣೆ ಮೇಲೆ ಬೊಟ್ಟು ಇತ್ತಾ?"

ನಾನು ಗಾಜನ್ನು ಬಿಟ್ಟು, ಕುಂಕುಮದ ಬೆರಳನ್ನು ಕಟ್ಟಿನ ಮರಕ್ಕೆ ಒತ್ತಿದೆ.