ತಂಬಾಕು ಕುಡಿದ ಕಂಪ್ಯೂಟರು

ಅಂದು ಪಡಸಾಲೆಯಲ್ಲಿ ನಾಲ್ವರಿದ್ದೆವು: ನಾನು, ನನ್ನ ಹೆಂಡತಿ, ಸದಲಗಾದಿಂದ ಬೆಳಗಿನ ಬಸ್ಸಿಗೆ ಬಂದಿಳಿದ ಅವಳ ತಮ್ಮ, ಮತ್ತು ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದ ನಮ್ಮ ಕಾಕಾ. ನಡುವೆ ಮೇಜಿನ ಮೇಲೆ ಆ ಕಂಪ್ಯೂಟರು. ಇವತ್ತಿಗೂ ಅದರ ಬಗ್ಗೆ ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡುವುದಿಲ್ಲ.

ನಮ್ಮ ಮನೆ ಕೊಗನೊಳ್ಳಿಯಲ್ಲಿ. ಪಡಸಾಲೆಗೆ ಹೊಂದಿಕೊಂಡ ಕೋಣೆಯ ತುಂಬ ಕಾಕಾನ ತಂಬಾಕಿನ ಚೀಲಗಳು. ಕಾಕಾ ಹುಡುಗತನದಿಂದ ಅದೇ ವ್ಯಾಪಾರದಲ್ಲಿ ಬೆಳೆದವನು. ಮಾಲು ತುಂಬಿದ ತಿಂಗಳುಗಳಲ್ಲಿ ನಮ್ಮ ಅನ್ನ, ಹಾಸಿಗೆ, ತೊಳೆದ ಬಟ್ಟೆ ಎಲ್ಲಕ್ಕೂ ಒಂದೇ ಘಾಟು. ನೆಂಟರು ಹೊಸ್ತಿಲು ದಾಟುವ ಮೊದಲೇ ಸೀನುತ್ತಿದ್ದರು.

ಹೆಂಡತಿ ಮದುವೆಗೆ ಮುಂಚೆ ಚಿಕ್ಕೋಡಿಯಲ್ಲಿ ಟೈಪಿಂಗು, ಡಿಟಿಪಿ ಕಲಿತಿದ್ದಳು. ನಿಪ್ಪಾಣಿಯ ಒಂದು ಪ್ರೆಸ್ಸಿನವರು ಅವಳಿಗೆ ಮೊದಲ ಸಲ ಕೆಲಸ ಕೊಟ್ಟಿದ್ದರು. ಒಂದು ಲಗ್ನಪತ್ರಿಕೆ. ಹೆಣ್ಣಿನವರು ಇಲ್ಲಿಯ ಮರಾಠಿ ಮನೆಯವರು, ಗಂಡಿನವರು ಅಥಣಿ ಕಡೆಯ ಕನ್ನಡದವರು. ಆದ್ದರಿಂದ ಒಂದು ಪುಟ ಮರಾಠಿ, ಒಂದು ಪುಟ ಕನ್ನಡ. ಕಂಪ್ಯೂಟರು ನಡುನಡುವೆ ಆರಿಹೋದರೂ ಬಿಡದೆ ಅವಳು ಎರಡೂ ಪುಟ ಮಾಡಿ ಮುಗಿಸಿದ್ದಳು. ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಕೊಟ್ಟರೆ ಆಯಿತು. ಬೆಳಿಗ್ಗೆ ಪ್ರೆಸ್ಸಿನವರ ಫೋನು ಬಂದಿತ್ತು. "ಅಕ್ಕಾರ, ಮಧ್ಯಾನ ಮಟಾ ನೋಡ್ತೀನ್ರಿ. ಬರಲಿಲ್ಲಂದ್ರ ಬ್ಯಾರೆದಾವ್ರಿಗೆ ಕೊಡ್ತೀನಿ. ಮುಂದ ನನಗ ಕೇಳಬ್ಯಾಡ್ರಿ."

ಕಂಪ್ಯೂಟರಿಗೆ ಈ ಯಾವ ಆತುರವೂ ಇರಲಿಲ್ಲ. ಗುಂಡಿ ಒತ್ತಿದರೆ ಒಂದು ಚಹಾ ಕುಡಿದು ಕಪ್ಪು ತೊಳೆದಿಡುವಷ್ಟು ಹೊತ್ತಿಗೆ ಕಣ್ಣು ಬಿಡುತ್ತಿತ್ತು. ಪತ್ರಿಕೆ ತೆರೆದು ಪೆನ್‌ಡ್ರೈವ್ ಚುಚ್ಚುವಷ್ಟರಲ್ಲಿ ಒಳಗೆ ಗೊರಗೊರ ಸದ್ದು. ಪರದೆ ನೀಲಿಯಾಗಿ, ತಾನೇ ಆರಿ, ತಾನೇ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹೊತ್ತಿಕೊಂಡ ಮೇಲೆ, ನೀವು ನನ್ನನ್ನು ಸರಿಯಾಗಿ ಆರಿಸಲಿಲ್ಲ ಎಂದು ನಮಗೇ ಬುದ್ಧಿ ಹೇಳುತ್ತಿತ್ತು. ಕೆಟ್ಟದ್ದನ್ನೂ ಮಾಡಿ ಮೇಲೆ ಉಪದೇಶವನ್ನೂ ಮಾಡುವವರನ್ನು ಕಂಡರೆ ನನಗೆ ಮೊದಲಿಂದ ಹೇಸಿಕೆ. ಅಂಥದೊಂದು ಯಂತ್ರ ನಮ್ಮ ಮನೆಯಲ್ಲೇ ಹೂವಿನ ಕಸೂತಿಯ ಹೊದಿಕೆ ಹೊದ್ದು ಕೂತಿತ್ತು.

ಸದಲಗಾದಲ್ಲಿ ಮೊಬೈಲ್ ರಿಚಾರ್ಜಿನ ಅಂಗಡಿ ಇಟ್ಟಿದ್ದ ಭಾವಮೈದುನ ಕುರ್ಚಿ ಎಳೆದುಕೊಂಡು ಕೂತು, ಮೌಸನ್ನು ನಾಲ್ಕು ಸಲ ಆಡಿಸಿ ತೀರ್ಪು ಕೊಟ್ಟ. "ವೈರಸ್ ಐತಿ ಅಕ್ಕಾ. ನೆಟ್ ಹಚ್ಚಿ ಆಂಟಿವೈರಸ್ ಅಪ್‌ಡೇಟ್ ಮಾಡಿದ್ರ ಗಪ್ ಕುಂದರತೈತಿ."

ನೆಟ್ ಎಂದರೆ ಬೆರಳುದ್ದದ ಒಂದು ಡೋಂಗಲ್. ನಮ್ಮೂರು ಗಡಿಯ ಮೇಲಿನದು. ಕಿಟಕಿಯ ಈ ಮಗ್ಗುಲಿಗೆ ಹಿಡಿದರೆ ಕರ್ನಾಟಕದ ಟವರು, ತುಸು ಆಚೆ ಸರಿದರೆ ಮಹಾರಾಷ್ಟ್ರದ್ದು. ಆಗ ರೋಮಿಂಗ್ ಶುರುವಾಗಿ ಬ್ಯಾಲೆನ್ಸು ನೋಡನೋಡುತ್ತಿದ್ದಂತೆ ಕರಗುತ್ತಿತ್ತು. ಭಾವಮೈದುನ ಉದ್ದ ವೈರಿನ ತುದಿಗೆ ಡೋಂಗಲ್ ಸಿಕ್ಕಿಸಿ ಕಿಟಕಿಯ ಸರಳಿನಿಂದ ಕೈ ಹೊರಚಾಚಿ ನಿಂತ.

"ಹಂಗ ನಿಂದರಬ್ಯಾಡಲೇ," ಅಂದ ಕಾಕಾ ಅಡಿಕೆಯಿಂದ ತಲೆ ಎತ್ತದೆ. "ಹಾದಿ ಮ್ಯಾಲಿನ ಮಂದಿ, ಕಾಗಿಗೆ ಕೂಳು ಇಡಾಕತ್ತಾನ ಅಂತಾರ."

"ನೀವು ಸುಮ್ಮಿರ್ರಿ ಕಾಕಾರ. ಸಿಗ್ನಲ್ ಬಂದೈತಿ."

ಬಂದಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಬಸವನಹುಳದಂತೆ ತೆವಳಿ ಅರ್ಧಕ್ಕೆ ಬಂದು ನಿಂತಿತು. ನಿಂತದ್ದು ನಿಂತೇ ಇತ್ತು. ಅವನ ಕೈ ಸೋತು ಕೊಂಚ ಬಾಗಿದ್ದೇ ತಡ, ಮಹಾರಾಷ್ಟ್ರಕ್ಕೆ ಸ್ವಾಗತ ಎಂಬ ಸಂದೇಶ ಬಂತು. ಬ್ಯಾಲೆನ್ಸು ಮುಗಿಯಿತು. ಕಂಪ್ಯೂಟರೂ ಗೊರಗೊರ ಎಂದು ಆರಿತು.

"ಹಂಗಾರ ಫಾರ್ಮ್ಯಾಟ್ ಹೊಡಿಯೂಣು," ಅಂದ ಅವನು ತೋಳು ತಿಕ್ಕಿಕೊಳ್ಳುತ್ತ. "ಒಳಗಿಂದೆಲ್ಲಾ ಅಳಿಸಿ ಹೊಸಾದು ಹಾಕಿದ್ರ..."

"ಒಳಗ ನನ್ನ ಪತ್ರಿಕಿ ಐತಿ," ಅಂದಳು ಹೆಂಡತಿ. "ಮುಟ್ಟಿದಿ ಅಂದ್ರ ಕೈ ಮುರದು ಸದಲಗಾಕ್ಕ ಕಳಸ್ತೀನಿ."

ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ರೊಟ್ಟಿ ಬೇಯಿಸುವ ಹಂಚಿನ ಹಾಗೆ ಸುಡುತ್ತಿತ್ತು. ಬಿಚ್ಚಿ ನೋಡೋಣವೆಂದು ತಿರುಪು ತೆಗೆದೆವು.

ತಂತಿಗಳ ಮೇಲೆಲ್ಲ ಕಂಬಳಿಯಷ್ಟು ದಪ್ಪಗೆ ಕೂತ ಕಂದು ಧೂಳು. ನಡುವಿನ ಫ್ಯಾನಿನ ರೆಕ್ಕೆಗಳು ಅದರಲ್ಲಿ ಹೂತು ಹೋಗಿದ್ದವು. ಪಕ್ಕದ ಕೋಣೆಯ ಗಾಳಿಯನ್ನು ದಿನವೂ ಎಳೆದುಕೊಂಡು ಆ ಯಂತ್ರ ತಂಬಾಕು ಕುಡಿಯುತ್ತ ಬಂದಿತ್ತು. ಮೂಲೆಯಲ್ಲಿ ಹಲ್ಲಿಯ ಒಡೆದ ಮೊಟ್ಟೆ, ಒಣಗಿದ ಜಿರಲೆ, ಮೇಲೆ ಅಂಟು ಅಂಟಾದ ಏನೋ ಒಂದು. ಬಿಸಿಗೆ ಅದೆಲ್ಲ ಬೆಂದು ಎದ್ದ ನಾತಕ್ಕೆ ಹೆಂಡತಿ ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದಳು. ನಾನು ಸೀನಿದೆ. ಭಾವಮೈದುನ ಬಚ್ಚಲಿಗೆ ಓಡಿದ.

ಕಾಕಾ ಮಾತ್ರ ಎದ್ದು ಬಂದು ಒಂದು ಚಿಟಿಕೆ ಧೂಳು ತೆಗೆದು ಹೆಬ್ಬೆರಳಲ್ಲಿ ತಿಕ್ಕಿ ಮೂಸಿದ. "ಮಾಲು ಚೊಲೋ ಐತಿ," ಅಂದ. "ಇದು ಹ್ವಾದ ವರ್ಸದ್ದು."

ಬಾಯಿ ತೊಳೆದು ಬಂದ ಭಾವಮೈದುನ, ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಎಲ್ಲ ಹಾರಿಹೋಗುತ್ತದೆ ಅಂದ. ನಾವಿಬ್ಬರೂ ಪಂಪು ತರಲು ಆಚೆ ಮನೆಗೆ ಹೋದೆವು. ಹೆಂಡತಿ ಹೊರಗೆ ಕಟ್ಟೆಯ ಮೇಲೆ ಗಾಳಿಗೆ ಕೂತಳು.

ಒಣಗಿದ ತಂಬಾಕಿನ ರಾಶಿಗೆ ಕೈ ಹಾಕುವ ಮೊದಲು ತುಸು ನೀರು ಚಿಮುಕಿಸುವುದು ನಮ್ಮ ಕಡೆಯ ರೂಢಿ. ಎಲೆ ಪುಡಿಯಾಗುವುದಿಲ್ಲ, ಧೂಳು ಏಳುವುದಿಲ್ಲ, ಕೆಲಸದವರು ಕೆಮ್ಮುವುದಿಲ್ಲ. ಕಾಕಾ ತಂಬಿಗೆಯಲ್ಲಿ ನೀರು ತಂದು, ನಾವು ಬರುವಷ್ಟರಲ್ಲಿ ಬೆರಳಿನಿಂದ ಪೆಟ್ಟಿಗೆಯ ತುಂಬ ನೀಟಾಗಿ ಚಿಮುಕಿಸಿ, ತಂಬಿಗೆ ಒಳಗಿಟ್ಟು, ಮತ್ತೆ ಅಡಿಕೆಗೆ ಕೂತಿದ್ದ. ಪಂಪು ಹೊಡೆದಾಗ ಧೂಳು ಹಾರದೆ ಮುದ್ದೆ ಮುದ್ದೆಯಾಗಿ ಕಿತ್ತು ಬಿತ್ತು. ಬಿಸಿಗೆ ಬೆವೆತಿದೆ ಅಂದ ಭಾವಮೈದುನ. ಗುಂಡಿ ಒತ್ತಿದ.

ಚಟ್ ಅಂತು. ಒಂದು ಎಳೆ ಹೊಗೆ ಎದ್ದಿತು. ಇಡೀ ಮನೆ ಸುಟ್ಟ ಬೀಡಿಯ ವಾಸನೆ ಹೊಡೆಯಿತು.

"ನೀರು ಯಾರು ಹಾಕಿದ್ರು?" ಅಂದೆ, ಒಳಗೆ ಬೆರಳಾಡಿಸಿ.

"ನಾ ಹಾಕೇನಿ. ಇಲ್ಲಂದ್ರ ಧೂಳ ಎದ್ದು ನೀವೆಲ್ಲಾ ಸೀನಕೋತ ಕುಂದರತಿದ್ರಿ," ಅಂದ ಕಾಕಾ. "ಈಗ ಒಬ್ಬರರ ಸೀನಿದ್ರೇನು?"

ನನಗೆ ಆ ಪೆಟ್ಟಿಗೆಯನ್ನು ಎತ್ತಿ ಹೆದ್ದಾರಿಗೆ ಎಸೆಯಬೇಕೆನ್ನಿಸಿತು. ಹೆಂಡತಿ ಕೈ ತೊಳೆದು ಸೀರೆ ಬದಲಿಸಿ ಬಂದಳು. "ನಿಪ್ಪಾಣಿಗೆ ಬಿಡ್ರಿ ನನ್ನ," ಅಂದಳು.

ಗಾಡಿಯ ಮೇಲೆ ಕರೆದೊಯ್ದೆ. ಪ್ರೆಸ್ಸಿನವರು ದಾರಿ ನೋಡಿ ಬೇಸತ್ತು, ಮರಾಠಿ ಪುಟವನ್ನು ತಮ್ಮ ಆಪರೇಟರನಿಗೆ ಕೊಟ್ಟುಬಿಟ್ಟಿದ್ದರು. ಅವನಿಗೆ ಕನ್ನಡ ಬರುತ್ತಿರಲಿಲ್ಲ. "ಕನ್ನಡದ್ದರ ನಾ ಇಲ್ಲೇ ಕುಂತು ಮಾಡ್ತೀನ್ರಿ," ಅಂದಳು ಇವಳು. ಪದೇ ಪದೇ ಆರಿಹೋದ ಹಾಳೆಯನ್ನು ಮೊದಲಿಂದ ಹೊಡೆದೂ ಹೊಡೆದೂ ಅವಳಿಗೆ ಗಂಡಿನ ಕಡೆಯ ಅಜ್ಜ, ಕಾಕಾ, ಅತ್ತೆಯರ ಹೆಸರುಗಳೆಲ್ಲ ಬಾಯಿಪಾಠವಾಗಿದ್ದವು. ದೀಪ ಹಚ್ಚುವ ಹೊತ್ತಿಗೆ ಪುಟ ಅಚ್ಚಿಗೆ ಹೋಯಿತು. ಮರಾಠಿ ಪುಟ ಕೈತಪ್ಪಿದ್ದಕ್ಕೆ ದಾರಿಯುದ್ದಕ್ಕೂ ಅವಳು ಆ ಕಂಪ್ಯೂಟರನ್ನು ಬಯ್ಯುತ್ತ ಬಂದಳು.

ಆ ಲಗ್ನ ಮುಗಿದ ಮುಂದಿನ ವಾರ, ಕನ್ನಡದ ಕೆಲಸಕ್ಕೆ ದಿನಾ ಪ್ರೆಸ್ಸಿಗೇ ಬರಬೇಕೆಂದು ಪ್ರೆಸ್ಸಿನವರು ಹೇಳಿ ಕಳಿಸಿದರು. ಸೋಮವಾರದಿಂದ ಅವಳು ಬುತ್ತಿ ಕಟ್ಟಿಕೊಂಡು ನಿಪ್ಪಾಣಿಯ ಬಸ್ಸು ಹತ್ತತೊಡಗಿದಳು.