ಒರಿಜಿನಲ್ ಎಂದು ಹ್ಯೂಬರ್ಟ್ ಬರೆಯಬೇಕು

ಬೆಳಿಗ್ಗೆ ಐದೂಕಾಲು ಗಂಟೆ. ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನಲ್ಲಿ ಒಂದೇ ಒಂದು ಶಟರ್ ಮೇಲೆದ್ದಿದೆ. ಒಳಗೆ ಹ್ಯೂಬರ್ಟ್ ಮಥಾಯಸ್ ಮೊಣಕಾಲೂರಿ ಕುಳಿತು, ಐವತ್ತು ವರ್ಷ ದಾಟಿದ ಕಾರೊಂದರ ಮಡ್‌ಗಾರ್ಡನ್ನು ಒದ್ದೆ ಸ್ಯಾಂಡ್ ಪೇಪರಿನಿಂದ ಉಜ್ಜುತ್ತಿದ್ದಾರೆ. ಉಜ್ಜುವ ಜಾಗ ಒಂದು ದಿರ್ಹಮ್ ನಾಣ್ಯದಷ್ಟೇ. ಮೊದಲು ಕೆಂಪು ಹೋಗುತ್ತದೆ, ಆಮೇಲೆ ಕಪ್ಪು, ಅದರಡಿಯ ಬಿಳಿ. ಕೊನೆಗೆ ಮಂಕು ಹಸಿರು ಕಂಡದ್ದೇ ಕೈ ನಿಲ್ಲುತ್ತದೆ. ಫೋಟೊ ತೆಗೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

“ಫ್ಯಾಕ್ಟರಿಯಿಂದ ಹೊರಟದ್ದು ಹಸಿರು. ಮತ್ತಿನದ್ದೆಲ್ಲ ಆಮೇಲೆ ಬಂದವರ ಆಸೆ ಮಾರಾಯ್ರೆ,” ಎನ್ನುತ್ತಾರೆ, ತಲೆಯೆತ್ತದೆ.

ಮಧ್ಯಮ ಗಾತ್ರದ ಕಾರಿಗೆ ದೈತ್ಯ ಎಂಜಿನ್ ಕೂರಿಸಿ, ಅರುವತ್ತು–ಎಪ್ಪತ್ತರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಹೊರಬಿಟ್ಟ ಬಂಡಿಗಳಿಗೆ ಮಸಲ್ ಕಾರ್ ಎಂದು ಹೆಸರು. ದುಬೈ, ಅಬುಧಾಬಿಯಲ್ಲಿ ಅವುಗಳ ಹುಚ್ಚು ಹಿಡಿದವರು ಬೇಕಾದಷ್ಟು ಇದ್ದಾರೆ. ಪ್ರದರ್ಶನದಲ್ಲಿ ಕಾರಿನ ಪಕ್ಕ ನಿಲ್ಲುವವನು ಮಾಲೀಕ. ತುಕ್ಕು ಕತ್ತರಿಸಿ, ಹೊಸ ತಗಡು ಬೆಸೆದು, ಅದರ ಪೂರ್ವಾಪರವನ್ನೆಲ್ಲ ಬರೆದಿಟ್ಟವರು ಆ ಹೊತ್ತಿಗೆ ಮುಂದಿನ ಕಾರಿನ ಅಡಿಯಲ್ಲಿ ಅಂಗಾತ ಮಲಗಿರುತ್ತಾರೆ.

ಉಡುಪಿಯ ಹತ್ತಿರದ ಶಿರ್ವದ ಹ್ಯೂಬರ್ಟ್‌ಗೆ ಈಗ ಐವತ್ತೇಳು. ಡೆಂಟಿಂಗ್ ಕೆಲಸಕ್ಕೆಂದು ಬಂದು ಮೂವತ್ತು ವರ್ಷ ಕಳೆದಿದೆ. ಬೇಸಗೆಯಲ್ಲಿ ತಗಡಿನ ಮಾಡಿನಡಿ ವೆಲ್ಡಿಂಗ್ ಮಾಡಿ ಎರಡು ಸಲ ತಲೆ ತಿರುಗಿ ಬಿದ್ದಿದ್ದಾರೆ. ಎಡಗಿವಿ ಅರ್ಧ ಕೇಳುವುದಿಲ್ಲ. ಒಂದು ಕಾರಿಗೆ ಹದಿನೆಂಟು ತಿಂಗಳು, ಸಾವಿರದಿನ್ನೂರು ಫೋಟೊ, ದಪ್ಪದೊಂದು ಫೈಲು. ಎರಡೆರಡು ಒಟ್ಟಿಗೆ ನಡೆಸಿ ಇಷ್ಟರವರೆಗೆ ಇಪ್ಪತ್ತಮೂರು ಕಾರು.

ಬರೆಯುವ ಅಭ್ಯಾಸ ಒಂದು ತಪ್ಪಿನಿಂದ ಶುರುವಾಯಿತು. 2003ರಲ್ಲಿ ಅಬುಧಾಬಿಯ ತೈಲ ಕಂಪನಿಯೊಂದರ ಅಮೆರಿಕನ್ ಎಂಜಿನಿಯರ್ ತಮ್ಮ ಹಳೆಯ ಕಾರನ್ನು ರಿಪೇರಿಗೆ ಬಿಟ್ಟಿದ್ದರು. ಎಂಜಿನ್ನಿನ ಹಿಂದಿನ ತಗಡಿನ ಮೇಲೆ ಹಳದಿ ಬಣ್ಣದಲ್ಲಿ ಏನೋ ಗೀಚಿದ ಹಾಗಿತ್ತು. ಕೊಳೆಯೆಂದು ತಿಳಿದ ಹ್ಯೂಬರ್ಟ್ ಥಿನ್ನರ್ ಹಾಕಿ ಒರೆಸಿಬಿಟ್ಟರು.

“ಅವರು ಬಂದು ನೋಡಿದ್ರು. ಬೈಲಿಲ್ಲ. ಸ್ಟೂಲಿನ ಮೇಲೆ ಕೂತ್ಕೊಂಡ್ರು. ‘ಫ್ಯಾಕ್ಟರಿಯಲ್ಲಿ ಇದನ್ನು ಪರೀಕ್ಷೆ ಮಾಡಿದವನು ಬರೆದ ಗುರುತು ಅದು. ಅವನೂ ನಿನ್ನ ಹಾಗೆಯೇ ಒಬ್ಬ ಕೆಲಸಗಾರ’ ಅಂತ ಹೇಳಿದ್ರು. ಅಷ್ಟೇ. ನಾಲ್ಕು ಬೈದಿದ್ರೆ ಮರ್ತುಹೋಗ್ತಿತ್ತು.” ಮರುವಾರವೇ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಕೊಂಡರು. ಅಂದಿನಿಂದ ಫೋಟೊ ತೆಗೆಯದೆ ಒಂದು ಬೋಲ್ಟನ್ನೂ ಬಿಚ್ಚಿಲ್ಲ.

ಆ ಅಭ್ಯಾಸ ಮೂರು ವರ್ಷಗಳ ಹಿಂದೆ ಅವರ ಕೆಲಸಕ್ಕೇ ಕುತ್ತು ತರುವುದರಲ್ಲಿತ್ತು. ಗ್ಯಾರೇಜಿನ ಒಡೆಯ ಇಸ್ಮಾಯಿಲ್, ಎಲ್ಲರ ಬಾಯಲ್ಲಿ ಅರಬಾಬ್ ಅಂದರೆ ಧಣಿ, ವಿದೇಶದ ಏಜೆಂಟನೊಬ್ಬನ ಮಾತು ನಂಬಿ 1970ರ ಷೆವೆಲ್ ಕಾರು ತರಿಸಿದ್ದರು. ಅಪರೂಪದ ದೊಡ್ಡ ಎಂಜಿನ್ ಕಾರ್ಖಾನೆಯಲ್ಲೇ ಕೂರಿಸಿದ್ದು ಎಂದು ಏಜೆಂಟ್ ಹೇಳಿದ್ದ. ಅಂಥ ಒರಿಜಿನಲ್ ಕಾರಿಗೆ ಬೆಲೆ ಎಷ್ಟೋ ಹೆಚ್ಚು. ಆ ವರ್ಷದ ಷೆವೆಲ್‌ನಲ್ಲಿ ಚಾಸಿ ನಂಬರ್ ನೋಡಿ ಎಂಜಿನ್ ಎಷ್ಟು ದೊಡ್ಡದಿತ್ತು ಎಂದು ಹೇಳಲಾಗದು. ಕೆಲಸ ಮುಗಿಯುವ ಹೊತ್ತಿಗೆ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಡಾಕ್ಟರೊಬ್ಬರು ಕೊಳ್ಳಲು ಸಿದ್ಧರಾಗಿದ್ದರು. ಕೊನೆಗೆಂದು ಇಂಧನದ ಟ್ಯಾಂಕ್ ಇಳಿಸಿದಾಗ, ಅದರ ನೆತ್ತಿಗೆ ಅಂಟಿಕೊಂಡ ಹಾಳೆಯೊಂದು ಹ್ಯೂಬರ್ಟ್ ಕಣ್ಣಿಗೆ ಬಿತ್ತು. ಈ ಕಾರಿಗೆ ಏನೇನು ಜೋಡಿಸಬೇಕು ಎಂದು ಕಾರ್ಖಾನೆಯವರೇ ಅಚ್ಚು ಹಾಕಿದ ಹಾಳೆ. ಅದರಲ್ಲಿದ್ದದ್ದು ಚಿಕ್ಕ ಎಂಜಿನ್.

ಇಸ್ಮಾಯಿಲ್ ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ, “ಇದನ್ನು ನೀನು ನೋಡಿಲ್ಲ. ಒರಿಜಿನಲ್ ಅಂತ ಬರಿ, ಖಲಾಸ್,” ಎಂದರು.

ಹ್ಯೂಬರ್ಟ್ ವೀಸಾ ಇದ್ದದ್ದು ಇಸ್ಮಾಯಿಲ್ ಕೈಯಲ್ಲಿ, ಕೆಲಸ ಹೋದರೆ ಅದೂ ಹೋಗುತ್ತಿತ್ತು. ಮಗಳು ಪರ್ಲ್ ಆಗ ಊದ್ ಮೇಥಾದ ಶಾಲೆಯಲ್ಲಿ ಹನ್ನೆರಡನೇ ತರಗತಿ. ಹ್ಯೂಬರ್ಟ್ ಅಲ್ ನಹ್ದಾದ ಮನೆಗೆ ಬಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಜೋಸ್ಫಿನ್ ಹತ್ತಿರ ಎಲ್ಲ ಹೇಳಿದರು.

“ನಾನು ಪೇಷಂಟಿನ ಚಾರ್ಟಿನಲ್ಲಿ ಇಲ್ಲದ್ದು ಬರೆದ್ರೆ ನೀವು ಸುಮ್ನೆ ಇರ್ತೀರಾ?” ಎಂದು ಕೇಳಿದರಂತೆ ಜೋಸ್ಫಿನ್. “ಇವರಿಗೆ ಉತ್ತರ ಮೊದಲೇ ಗೊತ್ತಿತ್ತು. ಆದ್ರೆ ಮನೆಯವಳಿಗೂ ಹೆದರಿಕೆ ಇಲ್ಲ ಅಂತ ಗೊತ್ತಾಗ್ಬೇಕಿತ್ತು,” ಎಂದು ಅವರು ಈಗ ನಗುತ್ತಾರೆ.

ಮರುದಿನ ಹ್ಯೂಬರ್ಟ್ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಫೈಲಿಗೆ ಸೇರಿಸಿದರು. ‘ಎಂಜಿನ್ ಆಮೇಲೆ ಬದಲಾಯಿಸಿದ್ದು’ ಎಂದು ಬರೆದು ಅರಬಾಬ್‌ನ ಮೇಜಿನ ಮೇಲಿಟ್ಟರು. “ಅರಬಾಬ್, ಕಾರು ನಿಮ್ಮದು, ಬೇಕಾದ ಹಾಗೆ ಮಾರಿ. ಬರಹ ನನ್ನದು,” ಎಂದರು.

ಎಂಟು ದಿನ ಫೈಲು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಒಂಬತ್ತನೇ ದಿನ ಡಾಕ್ಟರು ಬಂದರು. ಇಸ್ಮಾಯಿಲ್ ತಾವೇ ಫೈಲು ಬಿಡಿಸಿ, ಆ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು. ಡಾಕ್ಟರು ಓದಿದರು, ಕೈಕುಲುಕಿದರು, ಕೊಳ್ಳದೆ ಹೋದರು. ತಿಂಗಳು ಕಳೆದ ಮೇಲೆ ತಮ್ಮವೇ ಮೂರು ಕಾರುಗಳನ್ನು ಟ್ರಕ್ಕಿನಲ್ಲಿ ಹೇರಿ ಕಳಿಸಿದರು. ಜೊತೆಗೊಂದು ಚೀಟಿ: ಇವುಗಳ ಬಗ್ಗೆಯೂ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಷೆವೆಲ್ ಮಾರಾಟವಾಗಲಿಲ್ಲ. ಇಸ್ಮಾಯಿಲ್ ಅದನ್ನು ಶುಕ್ರವಾರದಂದು ತಾವೇ ಓಡಿಸುತ್ತಾರೆ. “ಆ ದಿನ ನನಗೆ ಕೋಪ ಬಂದದ್ದು ನಿಜ,” ಎನ್ನುತ್ತಾರೆ. “ಈಗ ಹ್ಯೂಬರ್ಟ್ ಬರೆಯದೆ ಇಲ್ಲಿಂದ ಒಂದು ಕಾರೂ ಹೊರಗೆ ಹೋಗುವುದಿಲ್ಲ.”

ಏಳೂವರೆಗೆ ಉಳಿದ ಶಟರುಗಳೂ ಏಳುತ್ತವೆ. ಹ್ಯೂಬರ್ಟ್ ಕಾರಿನ ಬಾಗಿಲೊಂದರ ಒಳಮೈಗೆ ತಗಡು ಬೆಸೆಯಲು ಕೂರುತ್ತಾರೆ. ಅಲ್ಲಿ ಯಾರೂ ನೋಡುವುದಿಲ್ಲ. ಎಷ್ಟೋ ಮಂದಿ ಅಂಥ ಜಾಗದಲ್ಲಿ ತಮ್ಮ ಹೆಸರು ಕೆತ್ತುತ್ತಾರೆ, ನೀವು ಯಾಕೆ ಕೆತ್ತುವುದಿಲ್ಲ ಎಂದು ಕೇಳುತ್ತೇನೆ.

“ಹೆಸರು ಎಂತಕ್ಕೆ? ಐವತ್ತು ವರ್ಷ ಬಿಟ್ಟು ಯಾರಾದ್ರೂ ಈ ಬಾಗಿಲು ಬಿಚ್ಚಿದ್ರೆ, ಎಲ್ಲಿ ಕತ್ತರಿಸಿದ್ದು, ಎಲ್ಲಿ ಬೆಸೆದದ್ದು ಅಂತ ಫೈಲು ನೋಡಿಯೇ ಗೊತ್ತಾಗ್ಬೇಕು,” ಎನ್ನುತ್ತಾ ಹ್ಯೂಬರ್ಟ್ ವೆಲ್ಡಿಂಗ್ ಮುಖವಾಡ ಕೆಳಗೆಳೆದುಕೊಳ್ಳುತ್ತಾರೆ. “ನನ್ನನ್ನು ಹುಡುಕುವ ಕೆಲಸ ಅವರಿಗೆ ಬೀಳ್ಬಾರ್ದು.”