ಕಾಲು ಚಾಚಲು ಒಂದು ದಿಕ್ಕು

ಒಂದು ಕಡೆ ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಪಾಠ ಮಾಡುವಾಗ ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ಇರುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತೇನೆ. ನನ್ನ ಊರು ಬಂತೆಂದು ತಿಳಿದು ಪಕ್ಕದವರು ಚೀಲ ಹರಡಿಕೊಂಡು ಕೂರುತ್ತಾರೆ. ನನ್ನ ಹೆಂಡತಿ ಇದನ್ನು ಚಂಚಲಬುದ್ಧಿ ಎನ್ನುತ್ತಾಳೆ. ನಾನು ಆರೋಗ್ಯ ಎನ್ನುತ್ತೇನೆ. ನನ್ನ ಪರವಾಗಿ ಸಾಗರದ ಒಬ್ಬ ಡಾಕ್ಟರರ ಸಾಕ್ಷ್ಯವಿದೆ.

ಆ ಸಾಕ್ಷ್ಯವನ್ನು ನೆನಪಿನಿಂದ ಹೇಳಬೇಕಾಗಿರುವುದೇ ತೊಂದರೆ. ಮೈಸೂರಿನಲ್ಲಿ ವಿಜ್ಞಾನ ಓದಿದ್ದರಲ್ಲಿ ನನ್ನಲ್ಲಿ ಉಳಿದದ್ದು ಕಡಿಮೆ. ಆದರೆ ಕಣ್ಣಾರೆ ಕಂಡದ್ದನ್ನೂ ಇನ್ನೊಮ್ಮೆ ನೋಡಿಯೇ ನಂಬಬೇಕು ಎಂಬುದು ಮಾತ್ರ ಗಟ್ಟಿಯಾಗಿ ಉಳಿದಿದೆ. ಕಂಡು ಕೆಲವು ವರ್ಷಗಳಾದ ಸಂಗತಿಗಳ ವಿಷಯದಲ್ಲಂತೂ ನನಗೆ ನನ್ನ ಮೇಲೇ ಗುಮಾನಿ. ಡಾಕ್ಟರರಿಗೆ ಮೀಸೆ ಇತ್ತು ಎಂದು ನಾನು ಹೇಳುತ್ತೇನೆ. ಜೊತೆಯಲ್ಲಿದ್ದ ಅಣ್ಣ ಇರಲಿಲ್ಲ ಎನ್ನುತ್ತಾನೆ. ಮೀಸೆಯನ್ನು ಬಿಟ್ಟುಕೊಡುತ್ತೇನೆ, ಡಾಕ್ಟರರನ್ನು ಬಿಟ್ಟುಕೊಡಲಾರೆ.

ಅವರು ಹೇಳಿದ್ದು ಇಷ್ಟು. ನಮ್ಮ ಮೈಯಲ್ಲಿ ರಕ್ತವಲ್ಲದೆ ಇನ್ನೊಂದು ರಸ ಹರಿಯುತ್ತದೆ. ಅದರ ಹೆಸರು ದುಗ್ಧರಸ. ಹೆಸರು ಕೇಳಿದರೆ ಹಬ್ಬದ ದಿನ ಲೋಟದಲ್ಲಿ ಕೊಡುವ ಪದಾರ್ಥದಂತಿದೆ. ನಿಜವಾಗಿ ಅದು ಬಣ್ಣವಿಲ್ಲದ ತಿಳಿನೀರು. ಅದು ಹರಿಯುವ ದಾರಿಯಲ್ಲಿ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ಸಣ್ಣ ಸಣ್ಣ ಗಂಟುಗಳಿವೆ. ಮರದ ನಾಟಾ ತುಂಬಿದ ಲಾರಿಗಳನ್ನು ತಡೆಯುವ ಫಾರೆಸ್ಟ್ ಗೇಟಿನವರಂತೆ ಅವು ಬಂದ ಕೊಳೆಯನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಗಡ್ಡೆ ಕಟ್ಟುವುದು ಅದಕ್ಕೇ. ರಕ್ತವನ್ನು ತಳ್ಳಲು ಹೃದಯವಿದೆ. ಈ ರಸಕ್ಕೆ ಅಂಥ ಹೃದಯವಿಲ್ಲ. ಪಕ್ಕದಲ್ಲಿರುವ ಮಾಂಸಖಂಡ ಅಲ್ಲಾಡಿದರೆ, ನಾವು ಉಸಿರನ್ನು ಆಳವಾಗಿ ಎಳೆದರೆ, ಆ ಒತ್ತಡಕ್ಕೆ ಸಿಕ್ಕಿ ಇಷ್ಟಿಷ್ಟೇ ಮೇಲೇರುತ್ತದೆ. ಅಂದರೆ ಓಡಾಡುವವನ ರಸ ಓಡಾಡುತ್ತದೆ, ಕೂತವನದು ಕೂರುತ್ತದೆ. ನನ್ನ ಹೆಂಡತಿ ಈ ವಾದವನ್ನು ಒಪ್ಪಿಲ್ಲ.

ಡಾಕ್ಟರರು ಇದನ್ನು ಹೇಳಿದ್ದು ನನಗಲ್ಲ, ನನ್ನ ಅತ್ತಿಗೆಗೆ. ಅಣ್ಣ, ಅತ್ತಿಗೆ, ಅಪ್ಪಯ್ಯ ಹೊಸನಗರದ ಪೇಟೆಯಲ್ಲಿ ಒಂದು ಸಣ್ಣ ಮನೆಯಲ್ಲಿದ್ದರು. ಅಣ್ಣನದು ಬಟ್ಟೆ ಅಂಗಡಿ. ನಾನು ಶನಿವಾರ ಬಸ್ಸು ಹತ್ತಿ ಹೋಗಿ, ಭಾನುವಾರ ಇದ್ದು ಬರುತ್ತಿದ್ದೆ. ಬಾವಿಕಟ್ಟೆಯ ಕೆಸರಲ್ಲಿ ಬರಿಗಾಲಲ್ಲಿ ನಿಂತು ನಿಂತು ಅತ್ತಿಗೆಯ ಬೆರಳ ಸಂದಿಯಲ್ಲಿ ಹುಣ್ಣಾಯಿತು. ಅದರಿಂದ ಕಾಲು ಕೆಂಪಾಗಿ, ಚಳಿಜ್ವರ ಬಂದು, ಪಾದ ಹಲಸಿನ ಕಾಯಿಯಂತೆ ಊದಿತು. ಅಕ್ಕಸಾಲಿಯನ್ನು ಕರೆಸಿ ಕಾಲುಂಗುರ ಕತ್ತರಿಸಿ ತೆಗೆಸಬೇಕಾಯಿತು. ಗಂಡ ಎದುರಿಗೇ ನಿಂತಿರುವಾಗ ಕಾಲುಂಗುರ ತೆಗೆಸುವುದು ಅತ್ತಿಗೆಗೆ ಜ್ವರಕ್ಕಿಂತ ದೊಡ್ಡ ಕಷ್ಟವಾಯಿತು. ತುಂಡುಗಳನ್ನು ಅರಿಸಿನದ ಡಬ್ಬಿಯಲ್ಲಿಟ್ಟು, "ಊತ ಇಳಿದ ದಿನ ಇದನ್ನೇ ಬೆಸೆಸಿ ಹಾಕ್ಕೊಳ್ತೀನಿ" ಎಂದರು.

ಸಾಗರದ ಇಂಜೆಕ್ಷನ್ನಿನಿಂದ ಜ್ವರ ಹೋಯಿತು. ಊತ ಪೂರ್ತಿ ಹೋಗಲಿಲ್ಲ. ಡಾಕ್ಟರರು ಔಷಧಿಗಿಂತ ಹೆಚ್ಚಾಗಿ ಕೆಲಸಗಳನ್ನೇ ಕೊಟ್ಟರು. ದಿನಾ ಕಾಲು ತೊಳೆದು ಬೆರಳ ಸಂದಿಗಳನ್ನು ಒಣಗಿಸಬೇಕು. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿಯಬಾರದು. ಬೆಳಿಗ್ಗೆ ಸಂಜೆ ನಡೆಯಬೇಕು. ಹಗುರವಾಗಿ ಪಾದದಿಂದ ತೊಡೆಯ ಕಡೆಗೆ ನೀವಬೇಕು. ಮಧ್ಯಾಹ್ನ ಊಟವಾದ ಮೇಲೆ ಮಲಗಿ, ಕಾಲನ್ನು ಎದೆಗಿಂತ ಎತ್ತರದಲ್ಲಿಟ್ಟು ಒಂದು ಗಂಟೆ ಇರಬೇಕು. ಜ್ವರ ಮತ್ತೆ ಮತ್ತೆ ಮರುಕಳಿಸಿದರೆ ಊತ ಅಲ್ಲೇ ಮನೆ ಮಾಡುತ್ತದೆ, ಆಮೇಲೆ ಇಳಿಯುವುದಿಲ್ಲ.

"ಊರಿನ ನೀರೆಲ್ಲ ಕೆಳಗೆ ಹೋಗ್ತದೆ. ನನ್ನ ಕಾಲಿಂದು ಮಾತ್ರ ಮೇಲೆ ಹತ್ತಬೇಕಂತೆ ತಮ್ಮಯ್ಯ" ಎಂದರು ಅತ್ತಿಗೆ ನನಗೆ. ಆದರೂ ತೊಳೆದರು, ಒಣಗಿಸಿದರು, ನೀವಿಕೊಂಡರು, ನಡೆದರು. ಅಣ್ಣ ತಂದ ಚಪ್ಪಲಿಯನ್ನೂ ನಾಚಿಕೆ ಬಿಟ್ಟು ಮೆಟ್ಟಿದರು. ಕಾಲು ಎತ್ತಿ ಮಲಗುವುದೊಂದು ಮಾತ್ರ ಆಗಲಿಲ್ಲ. ಏಕೆಂದರೆ ಆ ಮನೆಯಲ್ಲಿ ಕಾಲು ಚಾಚಲು ದಿಕ್ಕಿರಲಿಲ್ಲ.

ಮನೆಯಲ್ಲಿದ್ದದ್ದು ಒಂದು ನಡುಮನೆ, ಒಂದು ಅಡಿಗೆಮನೆ, ಅಣ್ಣನ ಬಟ್ಟೆ ಗಂಟುಗಳು ತುಂಬಿದ ಒಂದು ಕೋಣೆ. ನಡುಮನೆಯ ಪೂರ್ವದ ಗೋಡೆಯಲ್ಲಿ ದೇವರ ಗೂಡು. ದೇವರಿಗೆ ಕಾಲು ತೋರಿಸುವಂತಿಲ್ಲ. ದಕ್ಷಿಣಕ್ಕೆ ಕಾಲು ಚಾಚಿ ಮಲಗಿಸುವುದು ಹೆಣವನ್ನು. ಉತ್ತರಕ್ಕೆ ಬೀದಿಬಾಗಿಲು, ಬಂದವರಿಗೆ ಮೊದಲು ಕಾಣುವುದು ಸೊಸೆಯ ಪಾದವಾಗಬಾರದು. ಪಶ್ಚಿಮದಲ್ಲಿ ಕಿಟಕಿಯ ಕೆಳಗೆ ಅಪ್ಪಯ್ಯನ ಆರಾಮಕುರ್ಚಿ, ಅದರಲ್ಲಿ ಅಪ್ಪಯ್ಯ. ಊಟವಾದ ಮೇಲೆ ಪೇಪರು ಹಿಡಿದು ಅಲ್ಲಿ ಕೂತರೆ ಅವರು ಏಳುತ್ತಿದ್ದುದು ಕಾಫಿಗೆ. ಅಡಿಗೆಮನೆಯಲ್ಲಿ ಒಲೆ, ಬೆಂಕಿಯೂ ದೇವರೇ. ಭೂಗೋಳ ಬರೆದವರು ನಾಲ್ಕು ದಿಕ್ಕು ಸಾಕೆಂದುಕೊಂಡದ್ದು ನಮ್ಮ ಸೊಸೆಯಂದಿರನ್ನು ಕೇಳದೆ.

ಹೀಗಾಗಿ ಅತ್ತಿಗೆ ಮಧ್ಯಾಹ್ನ ಗೋಡೆಗೊರಗಿ ಕಾಲು ಮಡಿಸಿ ಕೂತು ಅಕ್ಕಿ ಆರಿಸಿದರು. ಜ್ವರ ಮತ್ತೆ ಬಂತು. ಮತ್ತೆ ಸಾಗರ, ಮತ್ತೆ ಸೂಜಿ. ಈ ಸಲ ನಾನೂ ಹೋಗಿದ್ದೆ. "ಕಾಲು ಎತ್ತಿ ಇಡ್ತಾ ಇದ್ರೇನಮ್ಮ?" ಎಂದು ಡಾಕ್ಟರರು ಕೇಳಿದರು.

"ದಿಕ್ಕು ಸಿಗ್ಲಿಲ್ಲ" ಎಂದರು ಅತ್ತಿಗೆ.

ಡಾಕ್ಟರರು ನನ್ನ ಮುಖ ನೋಡಿದರು. ಅವರ ಪುಸ್ತಕಗಳಲ್ಲಿ ಈ ಕಾರಣ ಇದ್ದಿರಲಾರದು.

ಆ ಶನಿವಾರ ಸಂಜೆ ನಾನು ಅಪ್ಪಯ್ಯನ ಎದುರು ಕೂತು ವಿಷಯ ತೆಗೆದೆ. ನೇರವಾಗಿ ಹೇಳುವ ಧೈರ್ಯವಿರಲಿಲ್ಲವಾದ್ದರಿಂದ ವಿಜ್ಞಾನದಿಂದ ಶುರುಮಾಡಿದೆ. "ಅಪ್ಪಯ್ಯ, ಭೂಮಿ ಗುಂಡಗಿದೆ. ಯಾವ ದಿಕ್ಕಿಗೆ ಕಾಲು ಚಾಚಿದ್ರೂ ಅದು ಸುತ್ತಿ ಬಂದು ನಮ್ಮ ತಲೆ ಕಡೆಗೇ ತೋರಿಸೋದು. ದಿಕ್ಕು ಅನ್ನೋದಕ್ಕೆ ಅರ್ಥ ಇಲ್ಲ."

ಅಪ್ಪಯ್ಯ ಎಲೆಗೆ ಸುಣ್ಣ ಸವರುತ್ತಿದ್ದರು. "ಹೌದಾ ಮಾಸ್ತರೆ? ಹಾಗಾದ್ರೆ ಎಲ್ಲಿ, ನನ್ನ ಕಡೆ ಕಾಲು ಚಾಚು ನೋಡಾಣ."

ನಾನು ಚಾಚಲು ಹೊರಟೆ. ಕಾಲು ಒಂದು ಗೇಣು ಮುಂದೆ ಹೋಗಿ, ನನ್ನನ್ನು ಕೇಳದೆ ಮಡಿಸಿಕೊಂಡಿತು.

"ಎಂತ ಆತು? ಭೂಮಿ ಚಪ್ಪಟೆ ಆತಾ?"

ಅಡಿಗೆಮನೆಯಲ್ಲಿ ಅತ್ತಿಗೆ ನಕ್ಕದ್ದು ಕೇಳಿಸಿತು. ಅಪ್ಪಯ್ಯ ಎಲೆ ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದರು. "ಡಾಕ್ಟ್ರು ಎಂತ ಅಂದ್ರು? ಮತ್ತೆ ಜ್ವರ ಬಂದ್ರೆ?"

"ಊತ ಹಾಗೇ ನಿಂತುಬಿಡ್ತದಂತೆ. ಕಡೇ ತನಕ."

ಅಪ್ಪಯ್ಯ ಉಗುಳಲು ಎದ್ದು ಹೋದರು. ಬಂದ ಮೇಲೆ ಬೇರೆ ಮಾತು ತೆಗೆದರು.

ಮಾರನೆಯ ದಿನ ಊಟವಾದ ಮೇಲೆ ಅವರು ತಮ್ಮ ಕುರ್ಚಿಯನ್ನು ತಾವೇ ಎತ್ತಿದರು. ನಾನು ಹಿಡಿದುಕೊಳ್ಳಲು ಹೋದರೆ ಕೊಡಲಿಲ್ಲ. ನಡುಮನೆ ದಾಟಿ ಪೂರ್ವದ ಮೂಲೆಯಲ್ಲಿ, ದೇವರ ಗೂಡಿನ ಪಕ್ಕ ಅದನ್ನು ಹಾಕಿ, ಪೇಪರು ಬಿಡಿಸಿಕೊಂಡು ಕೂತರು. "ಈ ವಯಸ್ಸಿಗೆ ಅಲ್ಲಿ ಕಣ್ಣು ಕಾಣಾದಿಲ್ಲ. ಇಲ್ಲಿ ಬೆಳಕು ಚೆನ್ನಾಗಿದೆ" ಎಂದು ಪೇಪರಿನ ಹಿಂದಿನಿಂದಲೇ ಹೇಳಿದರು.

ಪಶ್ಚಿಮದಲ್ಲಿ ಈಗ ಒಂದು ಖಾಲಿ ಗೋಡೆ, ಕಿಟಕಿ ಮತ್ತು ಮೊಳೆಗೆ ತೂಗುಹಾಕಿದ ಕೊಡೆ ಇದ್ದವು. ಕೊಡೆಗೆ ಯಾರೂ ಮರ್ಯಾದೆ ಕೊಡಬೇಕಾಗಿರಲಿಲ್ಲ. ಅತ್ತಿಗೆ ಚಾಪೆ ಹಾಸಿ, ಸ್ಟೂಲಿನ ಮೇಲೆ ದಿಂಬಿಟ್ಟು, ಸೆರಗನ್ನು ಪಾದದವರೆಗೆ ಎಳೆದುಕೊಂಡು, ಆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಹಗಲು ಹೊತ್ತು ಕಾಲು ಚಾಚಿದರು.

ದಿನಾ ಹೀಗೇ ನಡೆಯಿತು. ಒಂದು ದಿನ ಅಕ್ಕಸಾಲಿ ಅರಿಸಿನ ಅಂಟಿದ ತುಂಡುಗಳನ್ನು ತೊಳೆದು ಬೆಸೆದುಕೊಟ್ಟ. ಅಪ್ಪಯ್ಯ ತೀರಿಕೊಂಡು ಈಗ ಎರಡು ಮಳೆಗಾಲ ಕಳೆದಿದೆ. ಅತ್ತಿಗೆಯ ಕಾಲುಂಗುರ ಕಾಲಲ್ಲೇ ಇದೆ.

ಈ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಹೇಳುವಾಗಲೆಲ್ಲ ಪೂರ್ವದ ಮೂಲೆಯ ಕಿಟಕಿಯಿಂದ ಬಿಸಿಲು ಬಂದು ಅಪ್ಪಯ್ಯನ ಪೇಪರಿನ ಮೇಲೆ ಬೀಳುವುದನ್ನು ವರ್ಣಿಸುತ್ತಿದ್ದೆ. ಆ ಬಿಸಿಲು ನನಗೆ ಚೆನ್ನಾಗಿ ನೆನಪಿತ್ತು. ಮೊನ್ನೆ ಹೊಸನಗರಕ್ಕೆ ಹೋದಾಗ, ಎಂದಿನಂತೆ ಕೂರಲಾಗದೆ ನಡುಮನೆಯಲ್ಲಿ ಶತಪಥ ಹಾಕುತ್ತಾ ಆ ಮೂಲೆಗೆ ಬಂದೆ. ಅಲ್ಲಿ ಕಿಟಕಿ ಇಲ್ಲ. ಮುಚ್ಚಿದ ಗುರುತೂ ಇಲ್ಲ. ಮನೆಯಲ್ಲೇ ಅತಿ ಕತ್ತಲ ಜಾಗ ಅದು. ಹಗಲಲ್ಲೂ ದೇವರ ದೀಪ ಹಚ್ಚಿದರೆ ಮಾತ್ರ ದೇವರು ಕಾಣುತ್ತಾನೆ.

"ಅತ್ತಿಗೆ, ಇಲ್ಲಿ ಕಿಟಕಿ ಇತ್ತಲ್ಲ?"

"ಎಲ್ಲಿತ್ತು ಮಾರಾಯ? ಯಾವತ್ತೂ ಇರ್ಲಿಲ್ಲ."

"ಮತ್ತೆ ಅಪ್ಪಯ್ಯ ಇಲ್ಲಿ ಪೇಪರು ಓದ್ತಿದ್ದದ್ದು?"

ಅತ್ತಿಗೆ ಮೊರದಲ್ಲಿದ್ದ ಅಕ್ಕಿಯನ್ನು ಒಮ್ಮೆ ಕೇರಿದರು. "ಓದ್ತಿದ್ರಾ? ಒಂದು ಹಾಳೆ ಮಗುಚಿದ ಸದ್ದು ನಂಗೆ ಯಾವತ್ತೂ ಕೇಳ್ಲಿಲ್ಲ ತಮ್ಮಯ್ಯ. ನಾನು ಕಾಲು ಇಳಿಸಿ ಎದ್ದು ಕಾಫಿಗೆ ನೀರಿಟ್ಟ ಮೇಲೆ, ಮಾವಯ್ಯ ಕುರ್ಚಿ ಎತ್ಕೊಂಡು ಆ ಪಶ್ಚಿಮದ ಕಿಟಕಿ ಹತ್ರ ಹೋಗಿ, ಪೇಪರು ಮೊದಲಿಂದ ಓದ್ತಿದ್ರು."